ತುಲಾ ಸಂಕ್ರಮಣ ಮುಗಿಸಿ ಮರಳುಗಾಡಿಗೆ: ವಾದಿ ರಮ್ ಬಂಡೆಗಳ ನಡುವೆ ಒಂದು ಬೆಳಗು

ವಾದಿ ರಮ್ ಎಂದು ಹೆಸರು ಹೇಳಿದ ಕೂಡಲೇ ನಮ್ಮೂರಿನಲ್ಲಿ ಯಾರಾದರೂ ನಕ್ಕೇ ನಗುತ್ತಾರೆ. ‘ರಮ್ಮಿಗಾಗಿ ಜೋರ್ಡಾನಿಗೆ ಹೋಗಬೇಕೇ? ಮಿಲಿಟರಿ ಕ್ಯಾಂಟೀನ್ ಇಲ್ಲೇ ಇದೆಯಲ್ಲ’ ಎಂದು ಮಾವ ಕೇಳಿದ್ದರು. ಅವರು ನಿವೃತ್ತ ಸುಬೇದಾರರು. ವಾದಿ ಎಂದರೆ ಅರಬ್ಬಿಯಲ್ಲಿ ಕಣಿವೆ. ಮಳೆ ಬಿದ್ದಾಗ ಮಾತ್ರ ಹರಿದು ಉಳಿದ ದಿನ ಒಣಗಿರುವ ಹೊಳೆಯ ಪಾತ್ರಕ್ಕೂ ಅದೇ ಹೆಸರು. ವಾದಿ ರಮ್ ಇರುವುದು ಜೋರ್ಡಾನಿನ ದಕ್ಷಿಣದಲ್ಲಿ, ಸೌದಿ ಅರೇಬಿಯಾದ ಗಡಿಗೆ ಹತ್ತಿರ. ಸುಮಾರು 74,000 ಹೆಕ್ಟೇರಿನ ಸಂರಕ್ಷಿತ ಪ್ರದೇಶ. 2011ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಬಂಡೆಗಳಿಗಾಗಿಯೂ ಹೌದು, ಆ ಬಂಡೆಗಳ ಮೇಲೆ ಮನುಷ್ಯರು ಕೊರೆದುಹೋದ ಗುರುತುಗಳಿಗಾಗಿಯೂ ಹೌದು.

ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಹೋದ ರೀತಿಯೇ ತಪ್ಪು. ಇಡೀ ದಿನದ ಪ್ಯಾಕೇಜ್, ಹತ್ತು ಜಾಗ, ಹೊರಟಾಗಲೇ ಗಂಟೆ ಹತ್ತೂವರೆ. ನೆತ್ತಿಯ ಮೇಲಿನ ಬಿಸಿಲಿಗೆ ಬಂಡೆಗಳೆಲ್ಲ ಒಂದೇ ಬಿಸ್ಕತ್ತಿನ ಬಣ್ಣಕ್ಕೆ ತಿರುಗಿದ್ದವು. ಉಬ್ಬು ಯಾವುದು, ತಗ್ಗು ಯಾವುದು ತಿಳಿಯಲಿಲ್ಲ. ಎರಡನೆಯ ಸಲ ಅಣ್ಣ, ಅತ್ತಿಗೆಯ ಜೊತೆ ನಸುಕಿನಲ್ಲಿ ಹೊರಟು ನಾಲ್ಕೇ ಜಾಗ ನೋಡಿ ಹನ್ನೊಂದಕ್ಕೆ ವಾಪಸ್ಸಾದೆವು. ಈ ಲೇಖನ ಆ ಎರಡನೆಯ ಬೆಳಗಿನ ಲೆಕ್ಕ.

ಕೊಡಗಿನವರು ಇಷ್ಟು ದೂರ ಯಾಕೆ ಹೋಗಬೇಕು ಎಂದರೆ ನನ್ನ ಉತ್ತರ ಒಂದು ಅಂಕಿ. ನಮ್ಮ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್ 1,748 ಮೀಟರ್. ಅಲ್ಲಿನ ಬೆಟ್ಟ ಜಬಲ್ ರಮ್ 1,734 ಮೀಟರ್. ಹದಿನಾಲ್ಕು ಮೀಟರಿನ ವ್ಯತ್ಯಾಸ. ಬೆಟ್ಟದ ಬುಡದ ರಮ್ ಹಳ್ಳಿಯೂ ಸಮುದ್ರಮಟ್ಟದಿಂದ ಸಾವಿರ ಮೀಟರಿನ ಆಸುಪಾಸಿನಲ್ಲಿದೆ, ಮಡಿಕೇರಿಗಿಂತ ತುಸು ತಗ್ಗು ಅಷ್ಟೇ. ಆದರೆ ಮಡಿಕೇರಿಯ ಮಳೆಯನ್ನು ತೋಟದ ಲೆಕ್ಕದಲ್ಲಿ ಹೇಳುವುದಾದರೆ ವರ್ಷಕ್ಕೆ ನೂರಿಪ್ಪತ್ತು ಇಂಚಿನ ಹತ್ತಿರ. ಅಲ್ಲಿ ನಾಲ್ಕು ಇಂಚೂ ಇಲ್ಲ. ಅದೇ ಎತ್ತರದ ಬೆಟ್ಟದ ಮೇಲಿಂದ ಶೋಲೆ ಕಾಡು, ಹುಲ್ಲು, ಮಣ್ಣು ಎಲ್ಲವನ್ನೂ ಎತ್ತಿಟ್ಟರೆ ಒಳಗೆ ಏನಿರುತ್ತದೆ ಎಂದು ನೋಡಲು ಹೋಗುವ ಊರು ಅದು. ಬಂಡೆಯ ಜಾತಿ ಬೇರೆ. ನಮ್ಮದು ಭೂಮಿಯಾಳದಲ್ಲಿ ಬೆಂದು ಗಟ್ಟಿಯಾದ ಕಲ್ಲು, ಅವರದು ಹೆಚ್ಚಾಗಿ ಮರಳುಗಲ್ಲು. ಆದರೂ ನೀರು ಏನು ಮಾಡಬಲ್ಲದು ಎಂದು ಗೊತ್ತಿರುವ ಕಣ್ಣಿಗೆ ಅಲ್ಲಿ ಕಾಣುವುದು ಬೇರೆಯವರಿಗಿಂತ ಹೆಚ್ಚು.

ಯಾವಾಗ ಹೊರಡುವುದು

ಮಾರ್ಚ್‌ನಿಂದ ಮೇ, ಸೆಪ್ಟೆಂಬರ್ ಕೊನೆಯಿಂದ ನವೆಂಬರ್, ಇವೆರಡು ಒಳ್ಳೆಯ ಕಾಲ. ಬೇಸಿಗೆಯ ನಡುಹಗಲು ನಲವತ್ತು ಡಿಗ್ರಿ ದಾಟುತ್ತದೆ. ಚಳಿಗಾಲದ ರಾತ್ರಿ ಸೊನ್ನೆಯ ಹತ್ತಿರ ಇಳಿಯುತ್ತದೆ. ಕಾಫಿ ತೋಟ ಇರುವವರಿಗೆ ಮಾರ್ಚ್, ಏಪ್ರಿಲ್ ಆಗುವುದಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಬರುತ್ತದೋ ಸ್ಪ್ರಿಂಕ್ಲರ್ ಹಾಕಬೇಕೋ ಎಂಬ ಚಿಂತೆಯಲ್ಲಿ ಮನೆಯಿಂದ ಕಾಲು ತೆಗೆಯುವಂತಿಲ್ಲ. ಆದ್ದರಿಂದ ಅಕ್ಟೋಬರ್ ಕೊನೆಯೇ ಸರಿ. ತಲಕಾವೇರಿಯಲ್ಲಿ ತುಲಾ ಸಂಕ್ರಮಣ ಮುಗಿಸಿಕೊಂಡು ಹೊರಟರೆ ಅರೇಬಿಕಾ ಕೊಯ್ಲು ಬಿರುಸಾಗುವ ಮೊದಲು, ನಮ್ಮ ಸುಗ್ಗಿಯ ಹಬ್ಬ ಹುತ್ತರಿಗೆ ಎಷ್ಟೋ ಮುಂಚೆ ಮನೆಯಲ್ಲಿರಬಹುದು. ಆ ತಿಂಗಳಿಗೆ ಒಂದು ಅಪಾಯವೂ ಇದೆ, ಮುಂದೆ ಹೇಳುತ್ತೇನೆ.

ಜೋರ್ಡಾನಿನಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಅಲ್ಲಿನವರೇ ರಾಜಧಾನಿ ಅಮ್ಮಾನಿನಿಂದ ಕುಟುಂಬಸಮೇತ ಬರುತ್ತಾರೆ. ಭಾನುವಾರದಿಂದ ಗುರುವಾರದ ಒಳಗೆ ಇಟ್ಟುಕೊಳ್ಳಿ.

ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ಅಲ್ಲಿ ಬೆಳಗಿನ ಐದು ಎಂದರೆ ನಿಮ್ಮ ದೇಹಕ್ಕೆ ಏಳೂವರೆ. ಹೋದ ಮೊದಲ ಎರಡು ದಿನ ಅಲಾರಂ ಇಲ್ಲದೆಯೇ ನಸುಕಿನಲ್ಲಿ ಎಚ್ಚರವಾಗುತ್ತದೆ. ಆದ್ದರಿಂದ ಬೆಳಗಿನ ಸುತ್ತಾಟವನ್ನು ಪ್ರವಾಸದ ಆರಂಭದಲ್ಲೇ ಇಟ್ಟುಕೊಳ್ಳಿ. ನಾಲ್ಕನೆಯ ದಿನಕ್ಕೆ ಇಟ್ಟರೆ ಅಷ್ಟರಲ್ಲಿ ಸೋಮಾರಿತನ ಅಲ್ಲಿನ ಗಡಿಯಾರಕ್ಕೆ ಹೊಂದಿಕೊಂಡಿರುತ್ತದೆ.

ದಾರಿ, ವೀಸಾ

ವಿರಾಜಪೇಟೆ ಕಡೆಯವರಿಗೆ ಮಾಕುಟ್ಟ ಘಟ್ಟ ಇಳಿದು ಮಟ್ಟನ್ನೂರಿನ ಕಣ್ಣೂರು ವಿಮಾನ ನಿಲ್ದಾಣ ಹತ್ತಿರ. ಅಲ್ಲಿಂದ ಕೊಲ್ಲಿ ದೇಶದ ಯಾವುದಾದರೂ ನಗರ, ಅಲ್ಲಿಂದ ಅಮ್ಮಾನ್. ದುಬೈ, ದೋಹಾಗಳಲ್ಲಿ ಮಗನೋ ತಂಗಿಯೋ ಇದ್ದರೆ ಅವರನ್ನು ನೋಡಲು ಹೋಗುವಾಗಲೇ ನಾಲ್ಕು ದಿನ ಹೆಚ್ಚು ಸೇರಿಸಿಕೊಳ್ಳುವುದು ಅಗ್ಗದ ದಾರಿ. ನಾವು ಮಾಡಿದ್ದೂ ಹಾಗೆಯೇ.

ಅಮ್ಮಾನಿನಿಂದ ವಾದಿ ರಮ್ ಸುಮಾರು 320 ಕಿಲೋಮೀಟರ್, ಕಾರಿನಲ್ಲಿ ನಾಲ್ಕು ಗಂಟೆ. ಅಕಾಬಾ ಬಂದರಿನಿಂದ ಒಂದು ಗಂಟೆ. ಬಂಡೆಯಲ್ಲಿ ಕೊರೆದ ಹಳೆಯ ನಗರ ಪೆಟ್ರಾ ನೋಡಿಕೊಂಡು ಬರುವುದಾದರೆ ಅಲ್ಲಿಂದ ಎರಡು ಗಂಟೆಯೊಳಗೆ ತಲುಪಬಹುದು.

‘ಜೋರ್ಡಾನ್ ಪಾಸ್’ ಎಂಬುದನ್ನು ಊರಿನಿಂದ ಹೊರಡುವ ಮೊದಲೇ ಆನ್‌ಲೈನಿನಲ್ಲಿ ಕೊಳ್ಳಿ. 70 ದಿನಾರಿನಿಂದ ಶುರು. ಪೆಟ್ರಾ, ವಾದಿ ರಮ್ ಎರಡರ ಪ್ರವೇಶವೂ ಅದರಲ್ಲಿ ಸೇರಿದೆ. ಮೂರು ರಾತ್ರಿ ಆ ದೇಶದಲ್ಲಿ ಉಳಿದರೆ ವೀಸಾ ಶುಲ್ಕವೂ ಮಾಫಿ. ಭಾರತೀಯರ ವೀಸಾ ನಿಯಮ, ಗಡಿಗಳ ಪರಿಸ್ಥಿತಿ ಎರಡೂ ಆಗಾಗ ಬದಲಾಗುವುದರಿಂದ ಟಿಕೆಟ್ ಮಾಡುವ ದಿನ ರಾಯಭಾರ ಕಚೇರಿಯ ಸೂಚನೆಗಳನ್ನು ನೋಡಿ. ಡ್ರೋನ್ ಒಯ್ಯಬೇಡಿ, ಅನುಮತಿ ಇಲ್ಲದೆ ತಂದರೆ ವಿಮಾನ ನಿಲ್ದಾಣದಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ.

ಜೀಪು ಗೊತ್ತು ಮಾಡುವಾಗ

ಮಡಿಕೇರಿ ಬಳಿಯ ಮಾಂದಲ್‌ಪಟ್ಟಿಗೆ ಜೀಪಿನಲ್ಲಿ ಹೋದವರಿಗೆ ಅರ್ಧ ವಿಷಯ ಆಗಲೇ ಗೊತ್ತು. ಸ್ವಂತ ಗಾಡಿಯನ್ನು ರಮ್ ಹಳ್ಳಿಯಲ್ಲಿ ನಿಲ್ಲಿಸಿ, ಮುಂದಕ್ಕೆ ಅಲ್ಲಿನ ಬೆದೂಯಿನ್ ಸಮುದಾಯದವರ ಜೀಪಿನಲ್ಲಿ ಹೋಗಬೇಕು. ಜೀಪು ಎಂದರೂ ಹೆಚ್ಚಿನವು ಹಳೆಯ ಪಿಕಪ್‌ಗಳು. ಹಿಂಭಾಗದಲ್ಲಿ ಎದುರುಬದುರು ಬೆಂಚು, ಮೇಲೆ ಬಟ್ಟೆಯ ಚಪ್ಪರ. ಮಂಡಿನೋವಿನ ಹಿರಿಯರಿದ್ದರೆ ಅವರಿಗೆ ಚಾಲಕನ ಪಕ್ಕದ ಸೀಟು ಬೇಕೆಂದು ಮೊದಲೇ ಹೇಳಿ. ಹಿಂದಿನ ಬೆಂಚು ಹತ್ತುವುದು ಕಾಫಿ ಮೂಟೆ ತುಂಬುವ ಲಾರಿ ಹತ್ತಿದ ಹಾಗೆ.

ಮಾತು ಮುಗಿಸುವ ಮೊದಲು ಕೇಳಲೇಬೇಕಾದ ಪ್ರಶ್ನೆಗಳಿವೆ. ಹೇಳಿದ ಹಣ ಇಡೀ ಜೀಪಿಗೋ ತಲೆಗೋ? ಬೇರೆ ಗುಂಪಿನವರನ್ನು ಜೊತೆಗೆ ಹಾಕುತ್ತೀರಾ? ಎಷ್ಟು ಗಂಟೆಗೆ ಹೊರಡುತ್ತೀರಿ? ಎಷ್ಟು ಜಾಗ ಎಂದು ಕೇಳುವುದಕ್ಕಿಂತ ಪ್ರತಿ ಜಾಗದಲ್ಲಿ ಎಷ್ಟು ಹೊತ್ತು ಎಂದು ಕೇಳಿ. ಜಾಗಗಳ ಪಟ್ಟಿ ಉದ್ದವಾದಷ್ಟೂ ನೀವು ನೋಡುವುದು ಜೀಪಿನ ಬೆಂಚನ್ನೇ. ಕೊನೆಯದಾಗಿ, ಗಾಡಿ ಓಡಿಸುವವನೇ ಬಂಡೆಗಳ ಬಗ್ಗೆ ಹೇಳುತ್ತಾನೆಯೇ? ಹೇಳುವವನು ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಮೊದಲ ಸಲದ ನಮ್ಮ ಚಾಲಕ ಪ್ರತಿ ಬಂಡೆಯ ಎದುರೂ ‘ಫೋಟೊ, ಹತ್ತು ನಿಮಿಷ’ ಎಂದು ಹೇಳಿ ಎಂಜಿನ್ ಆರಿಸದೆ ಕೂತಿದ್ದ.

ಹಿಂದಿನ ರಾತ್ರಿ ಮರಳುಗಾಡಿನ ಒಳಗಿನ ಶಿಬಿರದಲ್ಲೇ ತಂಗಬೇಕು. ಅಕಾಬಾದಲ್ಲಿ ಮಲಗಿ ಬೆಳಿಗ್ಗೆ ಹೊರಟರೆ ತಲುಪುವಷ್ಟರಲ್ಲಿ ಬೆಳಗು ಮುಗಿದಿರುತ್ತದೆ. ಗಾಜಿನ ಗುಮ್ಮಟದ ಐಷಾರಾಮಿ ಕೋಣೆಗಳೂ ಇವೆ. ನನಗೆ ಅವು ಬಿಸಿಲಿಗಿಟ್ಟ ಉಪ್ಪಿನಕಾಯಿ ಭರಣಿಯ ಹಾಗೆ ಕಂಡವು. ಆಡಿನ ಕೂದಲಿನ ಬಟ್ಟೆಯ ಸಾಧಾರಣ ಡೇರೆ ಸಾಕು.

ಚೀಲಕ್ಕೆ ಏನು

ನೀರು ತಲೆಗೆ ಎರಡು ಲೀಟರ್, ಬೆಳಗಿನ ಮಟ್ಟಿಗೆ. ನಮ್ಮವರು ಇಲ್ಲಿಯೇ ಎಡವುತ್ತಾರೆ. ತಂಪಿನ ಊರಿನವರಿಗೆ ಬಾಯಾರಿದಾಗ ಕುಡಿಯುವ ಅಭ್ಯಾಸ. ಅಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುವುದರಿಂದ ಬಾಯಾರುವುದು ತಡವಾಗಿ ತಿಳಿಯುತ್ತದೆ. ಅತ್ತಿಗೆಗೆ ಎರಡನೆಯ ದಿನ ತಲೆನೋವು ಬಂದದ್ದು ಇದರಿಂದಲೇ. ತುಟಿಗೆ ತುಪ್ಪ ಅಥವಾ ವ್ಯಾಸಲಿನ್ ಇರಲಿ, ಒಣಗಾಳಿಗೆ ಒಂದೇ ದಿನದಲ್ಲಿ ಒಡೆಯುತ್ತದೆ.

ಸ್ವೆಟರ್ ಬೇಕೇ ಬೇಕು; ಮಡಿಕೇರಿಯ ಜನವರಿಗೆ ಹಾಕುವುದೇ ಆಗುತ್ತದೆ, ಎಂಟೂವರೆಗೆ ಬಿಚ್ಚುತ್ತೀರಿ. ತಲೆಗೆ ಟೋಪಿಗಿಂತ ಬಟ್ಟೆ ಒಳ್ಳೆಯದು. ತೆರೆದ ಜೀಪಿನಲ್ಲಿ ಟೋಪಿ ನಿಲ್ಲುವುದಿಲ್ಲ. ಅತ್ತಿಗೆ, ನಮ್ಮ ಹೆಂಗಸರು ಮದುವೆಮನೆಯಲ್ಲಿ ತಲೆಗೆ ಕಟ್ಟುವ ವಸ್ತ್ರದ ಹಾಗೆ ಒಂದು ಹತ್ತಿಯ ಬಟ್ಟೆಯನ್ನು ಹಿಂದಕ್ಕೆ ಬಿಗಿದು ಗಂಟು ಹಾಕಿಕೊಂಡಿದ್ದರು. ನಮ್ಮ ಚಾಲಕ ತನ್ನ ಕೆಂಪು ಚೌಕಳಿಯ ರುಮಾಲು ಕಟ್ಟುವುದನ್ನು ನಿಲ್ಲಿಸಿ ಅದನ್ನೇ ನೋಡಿದ.

ಶೂ ಅಡಿಭಾಗ ಹಿಡಿತ ಇರುವಂಥದ್ದು. ಹೋಗುವ ಮೊದಲು ಅಭ್ಯಾಸಕ್ಕೆಂದು ಒಂದೆರಡು ಸಲ ಕೋಟೆಬೆಟ್ಟದ ಬಂಡೆಯ ಮೇಲೋ ತಡಿಯಂಡಮೋಳಿಗೋ ನಡೆದುಬನ್ನಿ. ತಡಿಯಂಡಮೋಳಿಗೆ ಈಗ ಅರಣ್ಯ ಇಲಾಖೆಯ ಬುಕಿಂಗ್ ಮೊದಲೇ ಮಾಡಿಕೊಳ್ಳಬೇಕು. ಜಿಗಣೆಗೆಂದು ಇಟ್ಟುಕೊಳ್ಳುವ ಉಪ್ಪಿನ ಪೊಟ್ಟಣ ಮನೆಯಲ್ಲೇ ಇರಲಿ. ಅದರ ಬದಲು ಬೆಳಿಗ್ಗೆ ಶೂ ಹಾಕುವ ಮೊದಲು ತಲೆಕೆಳಗು ಮಾಡಿ ಒದರಿ, ಒಳಗೆ ಚೇಳು ಕೂತಿರಬಹುದು.

ಇನ್ನೊಂದು, ಮನೆಯ ಏಲಕ್ಕಿ ನೂರು ಗ್ರಾಂ. ಯಾಕೆ ಎಂದು ತಿಂಡಿಯ ಹೊತ್ತಿಗೆ ಹೇಳುತ್ತೇನೆ.

ಬೆಳಗು

ಅಕ್ಟೋಬರ್ ಕೊನೆಯಲ್ಲಿ ಸೂರ್ಯ ಹುಟ್ಟುವುದು ಆರೂಮುಕ್ಕಾಲರ ಆಸುಪಾಸು. ಐದೂಮುಕ್ಕಾಲಿಗೆ ಡೇರೆಯಿಂದ ಹೊರಬನ್ನಿ. ಶೌಚ ಮುಗಿಸಿಕೊಳ್ಳಿ, ಮುಂದೆ ಅನುಕೂಲವಿಲ್ಲ. ಶಿಬಿರದ ಹತ್ತಿರ ಹತ್ತಲು ಸುಲಭವಾದ ಒಂದು ತಗ್ಗು ಬಂಡೆಯನ್ನು ಹಿಂದಿನ ಸಂಜೆಯೇ ಚಾಲಕನನ್ನು ಕೇಳಿ ಗುರುತು ಮಾಡಿಟ್ಟುಕೊಂಡಿರಬೇಕು. ಹತ್ತಿ ಕೂತಮೇಲೆ ಸೂರ್ಯ ಬರುವ ದಿಕ್ಕಿಗೆ ಬೆನ್ನು ಹಾಕಿ. ಎಲ್ಲರೂ ಪೂರ್ವಕ್ಕೆ ತಿರುಗುತ್ತಾರೆ; ನೋಡಬೇಕಾದದ್ದು ಪಶ್ಚಿಮದ ಗೋಡೆಯನ್ನು. ಬೆಳಕು ಮೊದಲು ಬೀಳುವುದು ಬೆಟ್ಟದ ನೆತ್ತಿಯ ಮೇಲಿನ ಬಿಳಿಚು, ಗುಂಡಗಿನ ಕಲ್ಲಿಗೆ. ಅದರ ಕೆಳಗೆ ಕಡಿದಾದ ಕೆಂಪುಕಂದು ಗೋಡೆಗೆ ನಿಧಾನವಾಗಿ ಇಳಿಯುತ್ತದೆ. ಬುಡದ ಬೂದುಬಣ್ಣದ ಗ್ರಾನೈಟಿಗೆ ಮುಟ್ಟುವುದು ಎಲ್ಲಕ್ಕಿಂತ ಕೊನೆಗೆ. ಮೂರು ಬಣ್ಣ, ಮೂರು ಕಾಲ. ಅಡಿಯ ಗ್ರಾನೈಟ್ ಸುಮಾರು 60 ಕೋಟಿ ವರ್ಷದ್ದು. ಮೇಲಿನ ಕೆಂಪು ಮರಳುಗಲ್ಲಿಗೆ 50 ಕೋಟಿ ವರ್ಷ ದಾಟಿದೆ. ನೆತ್ತಿಯ ಬಿಳಿಯದು ಅದಕ್ಕಿಂತ ಕಿರಿಯದು. ಕೆಂಪು ಬಂದದ್ದು ಕಬ್ಬಿಣದ ತುಕ್ಕಿನಿಂದ, ನಮ್ಮ ಕೆಮ್ಮಣ್ಣಿಗೆ ಬಂದ ಹಾಗೆಯೇ.

ಬಂಡೆಯಿಂದ ಇಳಿಯುವಾಗ ಮರಳನ್ನು ನೋಡಿಕೊಂಡು ನಡೆಯಿರಿ. ರಾತ್ರಿ ಓಡಾಡಿದವರ ಹಾಜರಿ ಪುಸ್ತಕ ಅಲ್ಲಿರುತ್ತದೆ. ಜೀರುಂಡೆ ನಡೆದದ್ದು ಹೊಲಿಗೆ ಯಂತ್ರದ ಗೆರೆಯ ಹಾಗೆ, ಹಲ್ಲಿಯದು ನಡುವೆ ಬಾಲ ಎಳೆದ ಗೀಟಿನ ಹಾಗೆ, ನರಿಯದು ಒಂದರ ಮುಂದೊಂದು ನೇರ ಸಾಲು. ಒಂದು ಕಡೆ ಇಲಿಯ ಪುಟ್ಟ ಹೆಜ್ಜೆಗಳು ಒಂದು ಪೊದೆಯಿಂದ ಹೊರಟು ಬಯಲಿನ ಮಧ್ಯೆ ನಿಂತೇ ಹೋಗಿದ್ದವು. ಎರಡೂ ಪಕ್ಕದಲ್ಲಿ ರೆಕ್ಕೆ ಬಡಿದ ಬೀಸಣಿಗೆಯ ಗುರುತು. ಚಾಲಕ ಕೈಯನ್ನು ಗೂಬೆಯ ಪಂಜದ ಹಾಗೆ ಮಾಡಿ ತೋರಿಸಿದ. ಒಂಬತ್ತಕ್ಕೆ ಗಾಳಿ ಏಳುತ್ತದೆ, ಹತ್ತಕ್ಕೆ ಜೀಪುಗಳು ಬರುತ್ತವೆ, ಪುಸ್ತಕ ಅಳಿಸಿಹೋಗುತ್ತದೆ.

ಮೊದಲ ನಿಲುಗಡೆ ಖಜಲಿ ಕಮರಿ. ಇಲ್ಲಿಗೆ ಏಳೂಮುಕ್ಕಾಲರ ಒಳಗೆ ತಲುಪಿದರೆ ನೀವೇ ನೀವು. ಹತ್ತರ ಮೇಲೆ ಸಾಲು ನಿಲ್ಲಬೇಕಾಗುತ್ತದೆ. ಬೆಟ್ಟವನ್ನು ಕತ್ತಿಯಿಂದ ಸೀಳಿದ ಹಾಗೆ ಒಂದು ಬಿರುಕು, ಒಳಗೆ ಅಂಚು ಹಿಡಿದು ನಡೆಯಬೇಕು. ಗೋಡೆಯಲ್ಲಿ ಪಾದಗಳ ಜೋಡಿಗಳನ್ನು ಕೊರೆದಿದ್ದಾರೆ. ಮನುಷ್ಯರು, ಕಾಡುಮೇಕೆಗಳು, ಹಳೆಯ ಲಿಪಿಯ ಬರಹ. ಇಡೀ ಪ್ರದೇಶದಲ್ಲಿ ಯುನೆಸ್ಕೊ ಲೆಕ್ಕದ ಪ್ರಕಾರ 25,000 ಕೊರೆದ ಚಿತ್ರಗಳು, 20,000 ಶಾಸನಗಳು ಇವೆ. ಮುಟ್ಟಬೇಡಿ. ಮರಳುಗಲ್ಲು ಉಗುರಿಗೂ ಉದುರುತ್ತದೆ. ನಮ್ಮ ಬೆಟ್ಟಗಳ ಬಂಡೆಗಳಿಗೆ ಬಾಣ ಚುಚ್ಚಿದ ಹೃದಯ ಬರೆದವರ ಬಳಗ ಅಲ್ಲಿಯೂ ಬಂದುಹೋಗಿದೆ ಎಂದು ನೋಡಿ ನನಗೆ ನಾಚಿಕೆಯಾಯಿತು.

ಒಳಗೆ ನಿಂತಾಗ ಕೊರೆದ ಚಿತ್ರ ಬಿಟ್ಟು ಗೋಡೆಯನ್ನೇ ನೋಡಿ. ಮುಖ್ಯ ಪದರಗಳು ಅಡ್ಡಲಾಗಿವೆ. ಅವುಗಳ ಒಳಗೆ ಸಣ್ಣ ಗೆರೆಗಳು ಓರೆಯಾಗಿ ಇಳಿದಿವೆ. ಬೇಸಿಗೆಯಲ್ಲಿ ದುಬಾರೆಯ ಹತ್ತಿರ ಹೊಳೆ ತಗ್ಗಿದಾಗ ಮರಳದಿಣ್ಣೆಯ ಅಂಚನ್ನು ಅಗೆದು ನೋಡಿದವರಿಗೆ ಈ ಓರೆ ಗೆರೆಯ ಪರಿಚಯವಿರುತ್ತದೆ. ಹರಿಯುವ ನೀರು ಮರಳನ್ನು ಮುಂದಕ್ಕೆ ತಳ್ಳಿ ಚೆಲ್ಲಿದ ಗುರುತು ಅದು. ಈ ಮರಳುಗಾಡಿನ ಬೆಟ್ಟಗಳ ಮರಳನ್ನು ಇಲ್ಲಿಗೆ ಹೊತ್ತು ತಂದು ಹಾಸಿದ್ದು ನದಿಗಳು. ಅಣ್ಣನಿಗೆ ಇದನ್ನು ಹೇಳಿದಾಗ ಅವನು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಹಾಗಾದರೆ ಇದು ಹೊಳೆಕರೆ’ ಎಂದ.

ಎರಡನೆಯದು ಉಮ್ ಫ್ರೂತ್ ಕಮಾನು. ಬಂಡೆಯ ಎರಡು ತೋಳು ಮೇಲೆ ಕೈ ಕೈ ಹಿಡಿದ ಹಾಗಿದೆ. ಹತ್ತಬಹುದು, ಚಾಲಕ ಕಾಲಿಡುವ ಜಾಗ ತೋರಿಸುತ್ತಾನೆ. ಹತ್ತುವುದಕ್ಕಿಂತ ಇಳಿಯುವುದು ಕಷ್ಟ; ತಲೆಸುತ್ತು ಇರುವವರು ಕೆಳಗಿದ್ದು ಫೋಟೊ ತೆಗೆಯಲಿ. ಇದಕ್ಕಿಂತ ದೊಡ್ಡದಾದ ಬುರ್ದಾ ಕಮಾನು ಬೇರೆ ದಿನದ ಕೆಲಸ, ಅದಕ್ಕೆ ಬೆಟ್ಟ ಹತ್ತಿ ಬಲ್ಲವರೂ ಹಗ್ಗವೂ ಬೇಕು.

ಕಮಾನಿನ ಹತ್ತಿರವೇ ನೆರಳು ಬೀಳುವ ಗೋಡೆಯ ಬುಡದಲ್ಲಿ ತಿಂಡಿ. ಇಲ್ಲಿನ ಗೋಡೆ ಒಣಗಿದ ಹೆಜ್ಜೇನು ಹುಟ್ಟಿನ ಹಾಗೆ ತೂತುತೂತಾಗಿದೆ. ಇದು ಉಪ್ಪಿನ ಕೆಲಸ. ಇಬ್ಬನಿಯ ತೇವ ಕಲ್ಲಿನೊಳಗಿನ ಉಪ್ಪನ್ನು ಕರಗಿಸುತ್ತದೆ. ಬಿಸಿಲೇರಿದಾಗ ನೀರು ಆರಿ ಉಪ್ಪು ಹರಳುಗಟ್ಟುತ್ತದೆ. ಹರಳು ಬೆಳೆಯುವಾಗ ಮರಳಿನ ಕಣವನ್ನು ಹೊರಕ್ಕೆ ನೂಕುತ್ತದೆ. ಒಮ್ಮೆ ಗುಳಿಯಾದರೆ ಅದರೊಳಗೆ ನೆರಳು, ನೆರಳಿಗೆ ತೇವ ಹೆಚ್ಚು ಹೊತ್ತು, ಆದ್ದರಿಂದ ಗುಳಿ ಇನ್ನೂ ಆಳ. ಎಂಟೂವರೆಗೆ ಒಂದು ಗುಳಿಯೊಳಗೆ ಕೈಯಿಟ್ಟೆ, ನೆಲಮಾಳಿಗೆಯ ತಂಪು. ಅಂಚಿಗೆ ಇಟ್ಟೆ, ಆಗಲೇ ಬೆಚ್ಚಗಿತ್ತು.

ಚಾಲಕ ಒಣ ಕಡ್ಡಿ ಒಟ್ಟಿ ಮಸಿ ಹಿಡಿದ ಕೆಟ್ಟಲಿನಲ್ಲಿ ಚಹಾ ಇಡುತ್ತಾನೆ, ಸಕ್ಕರೆ ಬೇಡ ಎಂದರೆ ಅವನಿಗೆ ಅರ್ಥವಾಗುವುದಿಲ್ಲ. ಕಾಫಿಯೂ ಕೊಟ್ಟಾನು. ಹದವಾಗಿಯೂ ಹುರಿಯದ ಹಳದಿ ಬಣ್ಣದ ಕಾಫಿ, ಹಾಲಿಲ್ಲ, ಚಿಕೋರಿಯಿಲ್ಲ, ತುಂಬಾ ಏಲಕ್ಕಿ. ಕಾಫಿ, ಏಲಕ್ಕಿ ಎರಡನ್ನೂ ಬೆಳೆಯುವ ನಮಗೆ ಎರಡನ್ನೂ ಒಂದೇ ಲೋಟದಲ್ಲಿ ಹಾಕಬಹುದು ಎಂದು ಹೊಳೆಯಲೇ ಇಲ್ಲವಲ್ಲ! ನಮ್ಮ ತೋಟದ ಏಲಕ್ಕಿ ಪೊಟ್ಟಣ ಕೊಡಬೇಕಾದದ್ದು ಆಗ. ಅವನು ಒಂದನ್ನು ಬಿಡಿಸಿ ಮೂಸಿ, ಉಳಿದದ್ದನ್ನು ಜೇಬಿಗಿಟ್ಟುಕೊಂಡ. ಹಿಡಿಯಿಲ್ಲದ ಪುಟ್ಟ ಬಟ್ಟಲು ಖಾಲಿಯಾದಷ್ಟೂ ತುಂಬುತ್ತಲೇ ಇರುತ್ತಾರೆ. ಸಾಕು ಎನ್ನಬೇಕಾದರೆ ಬಟ್ಟಲನ್ನು ಅತ್ತಿತ್ತ ಅಲುಗಿಸಿ ಹಿಂದಿರುಗಿಸಬೇಕು. ಇದು ಗೊತ್ತಿಲ್ಲದೆ ಅಣ್ಣ ಆರು ಬಟ್ಟಲು ಕುಡಿದ.

ಕಡೆಯ ನಿಲುಗಡೆ ರಮ್ ಹಳ್ಳಿಯ ಬಳಿಯ ಒರತೆ. ಪ್ಯಾಕೇಜಿನವರು ಇದನ್ನು ಹತ್ತು ನಿಮಿಷದಲ್ಲಿ ಮುಗಿಸುತ್ತಾರೆ. ನನ್ನನ್ನು ಕೇಳಿದರೆ ಅಲ್ಲಿಗೆ ಒಂದು ಗಂಟೆ ಕೊಡಿ. ಜಬಲ್ ರಮ್ ಬುಡದ ಇಳಿಜಾರು ಹತ್ತಿದರೆ ಗ್ರಾನೈಟ್ ಮುಗಿದು ಮರಳುಗಲ್ಲು ಶುರುವಾಗುವ ಗೆರೆ ಸಿಗುತ್ತದೆ. ಬಿದ್ದ ಮಳೆಯಲ್ಲಿ ಸ್ವಲ್ಪವನ್ನು ಮೇಲಿನ ಮರಳುಗಲ್ಲು ಸ್ಪಂಜಿನ ಹಾಗೆ ಹೀರಿಕೊಳ್ಳುತ್ತದೆ; ಕೆಳಗೆ ಗ್ರಾನೈಟ್ ನೀರನ್ನು ಒಳಗೆ ಬಿಡುವುದಿಲ್ಲ; ದಾರಿ ಕಾಣದ ನೀರು ಆ ಗೆರೆಯುದ್ದಕ್ಕೂ ಹೊರಗೆ ಜಿನುಗುತ್ತದೆ. ಬೆಟ್ಟದ ಸುತ್ತ ಒಂದೇ ಮಟ್ಟದಲ್ಲಿ ಅಲ್ಲಲ್ಲಿ ಹಸಿರು ಚುಕ್ಕೆ, ಅಂಜೂರದ ಗಿಡ, ಪುದೀನ ಕಂಡರೆ ಅದೇ ಗೆರೆ. ಇದೇ ಮರಳುಗಲ್ಲು ಪಕ್ಕದ ದಿಸಿ ಎಂಬ ಪ್ರದೇಶದಲ್ಲಿ ನೆಲದಡಿ ಸಾವಿರಾರು ವರ್ಷಗಳ ಹಿಂದಿನ ನೀರನ್ನು ಹಿಡಿದಿಟ್ಟಿದೆ. 2013ರಿಂದ ಕೊಳವೆಯಲ್ಲಿ 325 ಕಿಲೋಮೀಟರ್ ದೂರದ ಅಮ್ಮಾನಿಗೆ ಹರಿಸುತ್ತಿರುವುದು ಆ ನೀರನ್ನೇ. ಈಗಿನ ಮಳೆಯಿಂದ ಅದು ತುಂಬಿಕೊಳ್ಳುವಂತಿಲ್ಲ.

ಮೋಡ ಕಂಡರೆ

ಅಪಾಯ ಹೇಳುತ್ತೇನೆಂದೆ. ಅಕ್ಟೋಬರ್, ನವೆಂಬರ್‌ನಲ್ಲಿ ಅಲ್ಲಿ ಹಠಾತ್ ಮಳೆ ಬರಬಹುದು. ನೀವು ನಿಂತಲ್ಲಿ ಹನಿಯೂ ಬೀಳದೆ ಇರಬಹುದು. ದೂರದ ಬೆಟ್ಟದಲ್ಲಿ ಬಿದ್ದದ್ದು ಬೋಳು ಬಂಡೆಯ ಮೇಲೆ ಇಂಗದೆ ಕಮರಿಗಳಲ್ಲಿ ಒಟ್ಟಾಗಿ ಒಮ್ಮೆಲೇ ನುಗ್ಗುತ್ತದೆ. 2018ರ ಆಗಸ್ಟ್‌ನಲ್ಲಿ ನಮ್ಮ ಬೆಟ್ಟಗಳು ಕುಸಿದದ್ದನ್ನು ಯಾರೂ ಮರೆತಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಜೋರ್ಡಾನಿನ ಮೃತ ಸಮುದ್ರದ ಬಳಿ ಇಂಥದೊಂದು ಪ್ರವಾಹ ಪ್ರವಾಸಕ್ಕೆ ಬಂದಿದ್ದ ಶಾಲಾ ಮಕ್ಕಳನ್ನು ಕೊಚ್ಚಿಕೊಂಡು ಹೋಯಿತು. 21 ಜನ ಸತ್ತರು. ಮರುತಿಂಗಳು ಪೆಟ್ರಾದಿಂದ ಸಾವಿರಾರು ಪ್ರವಾಸಿಗರನ್ನು ತೆರವು ಮಾಡಬೇಕಾಯಿತು. ಆದ್ದರಿಂದ ‘ಇವತ್ತು ಖಜಲಿ ಬೇಡ’ ಎಂದು ಚಾಲಕ ಹೇಳಿದರೆ ಹಣ ಕೊಟ್ಟಿದ್ದೇವೆ ಎಂದು ವಾದಿಸಬೇಡಿ. ಕಿರಿದಾದ ಕಮರಿಯಲ್ಲಿ ಇರುವಾಗ ಆಕಾಶ ಕಪ್ಪಾದರೆ ಚೀಲ ಬಿಟ್ಟಾದರೂ ಎತ್ತರಕ್ಕೆ ಹತ್ತಿ.

ಹನ್ನೊಂದರ ಹೊತ್ತಿಗೆ ಹಳ್ಳಿಯಲ್ಲಿ ಇಳಿಸುತ್ತಾರೆ. ಬಕ್ಷೀಸು ಎಂಬ ಪದ ಅಲ್ಲಿಯೂ ಅರ್ಥವಾಗುತ್ತದೆ. ಮಾತಾಡಿದ ಹಣದ ಮೇಲೆ ಐದು ದಿನಾರ್ ಕೊಟ್ಟೆವು. ಅವನ ಮನೆಯ ಹೆಂಗಸರ ಫೋಟೊವನ್ನು ಕೇಳದೆ ತೆಗೆಯಬೇಡಿ.

ಹೊರಡುವ ಮೊದಲು ಮೊಬೈಲಿನಲ್ಲಿ ನಿಮ್ಮೂರಿನ ಜುಲೈ ಮಳೆಯ ಒಂದು ವಿಡಿಯೊ ಇಟ್ಟುಕೊಳ್ಳಿ, ಹೆಂಚಿನ ಮೇಲೆ ಬೀಳುವ ಸದ್ದು ಇರುವಂಥದ್ದು. ನಿಮ್ಮಲ್ಲಿ ಮಳೆ ಹೇಗೆ ಎಂದು ನಮ್ಮ ಚಾಲಕ ಕೇಳಿದಾಗ ಇಂಚಿನ ಲೆಕ್ಕ ಹೇಳಿ ಪ್ರಯೋಜನವಾಗಲಿಲ್ಲ. ಅತ್ತಿಗೆ ವಿಡಿಯೊ ತೋರಿಸಿದರು. ಅವನು ಮೊಬೈಲನ್ನು ಕಿವಿಗೆ ಹಿಡಿದು ಮೂರು ಸಲ ಕೇಳಿದ. ಎಷ್ಟು ಹೊತ್ತು ಹೀಗೆ ಬೀಳುತ್ತದೆ ಎಂದ. ಅಣ್ಣ ನಾಲ್ಕು ಬೆರಳು ತೋರಿಸಿದ. ನಾಲ್ಕು ಗಂಟೆಯೇ ಎಂದ. ನಾಲ್ಕು ತಿಂಗಳು ಎಂದಾಗ ಅವನು ನಂಬಲಿಲ್ಲ, ಆದರೂ ವಾಟ್ಸ್‌ಆ್ಯಪಿನಲ್ಲಿ ಕಳಿಸಲು ಹೇಳಿದ. ಹಳ್ಳಿಯಲ್ಲಿ ನೆಟ್‌ವರ್ಕ್ ಸಿಗುತ್ತದೆ.